ಜನವರಿಯಲ್ಲಿ ಉಪ್ಪಳದಿಂದ ರಾಣಿಪುರಕ್ಕೆ ಚರಲು ದಾರಿಯಲ್ಲಿ ಒಂದು ದಿನದ ಬೈಕ್ ಸವಾರಿ, ಹನ್ನೊಂದು ಜನ. ಆಗ್ತದಾ?

ಉಪ್ಪಳದ ಪಲ್ಸ್

ಎಲ್ಲರಿಗೂ ನಮಸ್ಕಾರ. ಊರು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ, ಕೆಲಸ ಮಂಗಳೂರಲ್ಲಿ. ಆಫೀಸಿನವರು, ಊರಿನವರು ಸೇರಿ ಜನವರಿಯ ಒಂದು ಆದಿತ್ಯವಾರ ಡಾಮರು ಬಿಟ್ಟು ಗುಡ್ಡದ ಚರಲು (ಸಣ್ಣ ಉರುಟು ಕಲ್ಲು) ದಾರಿಯಲ್ಲೇ ಸುತ್ತಿ ಬರುವ ಅಂತ ಹೊರಟಿದ್ದೇವೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆ. ಹೆಸರು ಕೊಟ್ಟವರು ಈಗ ಹನ್ನೊಂದು ಜನ. ಎಕ್ಸ್‌ಪಲ್ಸ್ 200 ಐದು, ಹಿಮಾಲಯನ್ 450 ಮೂರು, ಕ್ಲಾಸಿಕ್ 350 ಎರಡು. ಉಳಿದವ ನನ್ನ ಚಿಕ್ಕಪ್ಪನ ಮಗ, ಅವನದ್ದು ಸ್ಪ್ಲೆಂಡರ್, ದಿನಾ ಓಡಾಡುವ ಸಣ್ಣ ಬೈಕು. ಬೇಡ ಅಂತ ಹೇಳಿದರೆ ಬೇಜಾರು ಮಾಡ್ತಾನೆ, ಕರೆದುಕೊಂಡು ಹೋದರೆ ಅರ್ಧ ದಾರಿಯಲ್ಲಿ ನಮ್ಮ ತಲೆ ಮೇಲೆ ಬರ್ತದಾ ಅಂತ ಸಂಶಯ.

ಮ್ಯಾಪ್ ನೋಡಿ ಹಾಕಿದ ರೂಟ್ ಇದು: ಉಪ್ಪಳ, ಬಾಯಾರು, ಪೊಸಡಿಗುಂಪೆ, ಪೆರ್ಲ, ಸ್ವರ್ಗ, ಕಿನ್ನಿಂಗಾರು, ಮುಳ್ಳೇರಿಯ, ಬಂದಡ್ಕ, ಪಾಣತ್ತೂರು, ರಾಣಿಪುರ. ವಾಪಸು ಕಾಞಂಗಾಡಿಗೆ ಇಳಿದು ಹೈವೇಯಲ್ಲಿ ಉಪ್ಪಳ. ನಮ್ಮಲ್ಲಿ ಮೂವರಿಗೆ ಮಾತ್ರ ಮಣ್ಣಿನಲ್ಲಿ ಬೈಕ್ ಬಿಟ್ಟು ಅಭ್ಯಾಸ. ಉಳಿದವರು ಹೈವೇಯಲ್ಲಿ ಒಳ್ಳೆಯ ಸವಾರರೇ.

ಒಂದು ದಿನದಲ್ಲಿ ಇದು ಮುಗೀತದಾ? ಹನ್ನೊಂದು ಜನ ಒಟ್ಟಿಗೆ ಹೋಗುವಾಗ ಯಾರೂ ತಪ್ಪಿಹೋಗದ ಹಾಗೆ ಎಂತ ಮಾಡಬೇಕು? ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿಕೊಂಡರೆ ಸಾಕಾಗ್ತದೆ ಅಂತ ಒಬ್ಬ ಹೇಳ್ತಾನೆ. ಆ ಕಡೆ ಓಡಾಡಿ ಗೊತ್ತಿರುವ ಅಣ್ಣಂದಿರು ಹೇಳಿದರೆ ಉಪಕಾರ.

ಗೋಳಿಬಜೆ

ಈ ರೂಟಿನಲ್ಲಿ ಆದಿತ್ಯವಾರ ಹೊರಟರೆ ರಾಣಿಪುರ ಮುಟ್ಟುವಾಗ ಸೋಮವಾರ. ರಜೆ ಹಾಕಿ ಬನ್ನಿ.

ಮುಳಿಹುಲ್ಲು

ಗೋಳಿಬಜೆಯವರು ಹೇಳಿದ್ದು ತಮಾಷೆಗೆ, ಆದರೆ ಲೆಕ್ಕ ಸರಿ ಉಂಟು. ರಾಣಿಪುರ ಕಾಞಂಗಾಡಿನಿಂದಲೇ 48 ಕಿಲೋಮೀಟರು. ಅಂದರೆ ಕತ್ತಲೆಗೆ ಇಳಿದು ಹೈವೇ ಸೇರ್ಲಿಕ್ಕೇ ನಿಮಗೆ ಒಂದೂವರೆ ಗಂಟೆ ಬೇಕು, ಅಲ್ಲಿಂದ ಉಪ್ಪಳ ಬೇರೆ. ಜನವರಿಯಲ್ಲಿ ಆರೂವರೆಯೊಳಗೆ ಸೂರ್ಯ ಕಂತಿ ಆಗಿರ್ತದೆ. ಚರಲಿನಲ್ಲಿ ಗುಂಪು ಹೋಗುವಾಗ ನಿಂತದ್ದು, ಬಿದ್ದದ್ದು, ಫೋಟೋ, ಚಾ ಎಲ್ಲ ಸೇರಿಸಿ ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರಿಗಿಂತ ಮೇಲೆ ಲೆಕ್ಕ ಹಿಡಿಯಬೇಡಿ. ಮ್ಯಾಪು ಹೇಳುವ ಸಮಯ ಕಾರಿನವರಿಗೆ.

ಇನ್ನೊಂದು ವಿಷಯ ಉಂಟು ಮಾರಾಯ್ರೇ. ನೀವು ಹಾಕಿದ ರೂಟಿನಲ್ಲಿ ಚರಲು ಎಲ್ಲಿ ಉಳಿದಿದೆ? ನಂದಾರಪದವಿನಿಂದ ಶುರುವಾಗಿ ತೆಂಕಲಿಗೆ ಪಾರಶ್ಶಾಲದವರೆಗೆ ಹೋಗುವ ಮಲೆನಾಡು ಹೆದ್ದಾರಿ ಬಂದ ಮೇಲೆ ನಮ್ಮ ಬಾಲ್ಯದ ಕೆಂಪು ರಸ್ತೆಗಳು ಎಷ್ಟೋ ಡಾಮರಾಗಿ ಹೋದವು. ಬಂದಡ್ಕ, ಪಾಣತ್ತೂರು ಕಡೆ ನೀವು ಹೋಗುವುದು ಬಹುಪಾಲು ಚಂದದ ಡಾಮರಿನಲ್ಲೇ. ಊರವರಿಗೆ ಒಳ್ಳೆಯದಾಯ್ತು, ನನಗೇನೂ ದೂರಿಲ್ಲ. ಆದರೆ ಚರಲು ಬೇಕು ಅಂತ ಹೊರಟವರು ಡಾಮರಿನಲ್ಲಿ ನೂರು ಕಿಲೋಮೀಟರು ಬಿಟ್ಟು, ರಾಣಿಪುರದಲ್ಲಿ ಅರಣ್ಯ ಇಲಾಖೆಯ ಗೇಟಿನ ಎದುರು ಬೈಕ್ ನಿಲ್ಲಿಸಿ, ಟಿಕೇಟು ತೆಗೆದು ನಡೆದು ಹತ್ತುವುದರಲ್ಲಿ ಎಂತ ಸುಖ? ಆನೆ ಬಂದಿದ್ದರೆ ಅದೂ ಬಂದ್. ಆ ತುದಿಯನ್ನು ಪೂರ್ತಿ ಕತ್ತರಿಸಿ. ಬಾಯಾರು, ಪೊಸಡಿಗುಂಪೆ ಗುಡ್ಡದ ಬುಡ, ಪೆರ್ಲ, ಅದರ ಸುತ್ತಿನ ಪದವುಗಳು (ಗುಡ್ಡದ ಮೇಲಿನ ಬಯಲು), ಇಷ್ಟರಲ್ಲೇ ಒಂದು ದಿನಕ್ಕೆ ಬೇಕಾದಷ್ಟು ಒಳದಾರಿ ಉಂಟು. ಮುಳ್ಳೇರಿಯ ದಾಟಿ ಕಾರಡ್ಕ, ದೇಲಂಪಾಡಿ ಕಡೆ ಕಾಡಿನ ಅಂಚಿನಲ್ಲಿ ಆನೆ ತೋಟಕ್ಕಿಳಿಯುವುದು ಮಾಮೂಲಿ. ಸಂಜೆ ಆ ದಾರಿ ಹಿಡಿಯಲೇಬೇಡಿ. ರಕ್ಷಿತಾರಣ್ಯದೊಳಗೆ ಅನುಮತಿ ಇಲ್ಲದೆ ಬೈಕ್ ನುಗ್ಗಿಸಿದರೆ ಕೇಸು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನೆಲದ ವಿಚಾರ. ನಮ್ಮ ಕಡೆಯ ಚರಲು ಲಡಾಖಿನ ವೀಡಿಯೋದಲ್ಲಿ ನೋಡಿದ ಹಾಗಲ್ಲ. ಅಡಿಯಲ್ಲಿ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಮೇಲೆ ಕಡಲೆಯಿಂದ ನೆಲ್ಲಿಕಾಯಿ ಗಾತ್ರದವರೆಗಿನ ಉರುಟು ಚರಲು. ಅದು ನೆಲದೊಳಗೆ ಕೂತಿರುವುದಿಲ್ಲ, ಸುಮ್ಮನೆ ಮೇಲೆ ಬಿದ್ದುಕೊಂಡಿರ್ತದೆ. ಮಳೆ ಬಿಟ್ಟ ಹೊಸತರಲ್ಲಿ, ಅಕ್ಟೋಬರ್ ಕೊನೆಗೆ, ನಡುವಿನ ಮಣ್ಣಿನಲ್ಲಿ ಇನ್ನೂ ಪಸೆ ಇರುವಾಗ ಟಯರು ಒಳ್ಳೆಯ ಹಿಡಿತ ಕೊಡ್ತದೆ. ಜನವರಿಗೆ ಪಸೆ ಆರಿ ಮಣ್ಣೆಲ್ಲ ಹುಡಿಯಾಗಿ ಹಾರಿಹೋಗಿ ಉರುಟು ಮಾತ್ರ ಉಳಿದಿರ್ತದೆ. ಆಗ ಮುಂದಿನ ಚಕ್ರ ಸಣ್ಣಕ್ಕೆ ಆಚೀಚೆ ಜಾರುತ್ತಲೇ ಇರುವುದು. ಹೊಸಬರಿಗೆ ಅಲ್ಲಿ ಹೆದರಿಕೆ. ಹೆದರಿ ಹ್ಯಾಂಡಲನ್ನು ಬಿಗಿ ಹಿಡಿದರೆ, ಸೀಟಿನಲ್ಲಿ ಹಿಂದಕ್ಕೆ ಒರಗಿದರೆ ಮತ್ತೂ ಜಾಸ್ತಿ. ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಕೈ ಸಡಿಲ ಬಿಡಿ, ಕಣ್ಣು ಚಕ್ರದ ಬುಡದಲ್ಲಿ ಬೇಡ, ಹದಿನೈದು ಇಪ್ಪತ್ತು ಮೀಟರು ಮುಂದೆ ಇರಲಿ. ಚಕ್ರ ಅದರ ಪಾಡಿಗೆ ಅಲುಗಾಡಿ ದಾರಿಗೆ ಬರ್ತದೆ. ಟಿಪ್ಪರ್, ಪಿಕಪ್‌ಗಳ ಗಾಲಿ ಹೋದ ಕಡೆ ಚರಲು ಬದಿಗೆ ಸರಿದು ಎರಡು ಗೀಟು ಬಿದ್ದಿರ್ತದೆ. ಅದರೊಳಗೇ ಇರಿ. ನಡುವಿನ ದಿಬ್ಬದಲ್ಲಿ ರಾಶಿ ಚರಲು, ಗೀಟು ಬದಲಾಯಿಸುವಾಗಲೇ ಹೆಚ್ಚಿನವರು ಬೀಳುವುದು. ತಿರುವಿಗೆ ಮೊದಲೇ, ಬೈಕ್ ನೆಟ್ಟಗೆ ಇರುವಾಗಲೇ ಬ್ರೇಕ್ ಮುಗಿಸಿಕೊಳ್ಳಿ. ವಾಲಿಸಿದ ಮೇಲೆ ಮುಂದಿನ ಬ್ರೇಕ್ ಮುಟ್ಟಿದರೆ ಕಥೆ ಅಲ್ಲಿಗೇ ಮುಗೀತು.

ಇಳಿಜಾರಿನಲ್ಲಿ ಒಂದನೇ ಗೇರು, ಕ್ಲಚ್ ಬಿಟ್ಟು ಎಂಜಿನ್ ತಡೆಯಲ್ಲಿ ಇಳಿಯುವುದು. ಒಬ್ಬ ಇಳಿದು ಕೆಳಗಿನಿಂದ ಕೈ ತೋರಿಸಿದ ಮೇಲೆ ಇನ್ನೊಬ್ಬ. ಏರಿನಲ್ಲೂ ಹಾಗೆಯೇ, ಮುಂದಿನವ ನಡುವೆ ನಿಂತರೆ ಹಿಂದಿನವನಿಗೂ ನಿಲ್ಲಬೇಕಾಗ್ತದೆ, ನಿಂತವ ಆ ಉರುಟಿನಲ್ಲಿ ಮತ್ತೆ ಹೊರಡುವುದು ಕಷ್ಟ.

ನೀವು ಕೇಳಿದ ದೊಡ್ಡ ಪ್ರಶ್ನೆ ಜನ ತಪ್ಪಿಹೋಗುವುದರದ್ದು. ಲೈವ್ ಲೊಕೇಶನ್ ನೆಚ್ಚಿಕೊಂಡರೆ ಆಗ್ಲಿಕ್ಕಿಲ್ಲ. ಗುಡ್ಡದ ಮರೆಗೆ, ತೋಡಿನ (ಸಣ್ಣ ಹಳ್ಳದ) ಬದಿಗೆ ಇಳಿದರೆ ಫೋನಿನಲ್ಲಿ ರೇಂಜ್ ಇಲ್ಲ. ಒಬ್ಬರ ಹಿಂದೆ ಒಬ್ಬರು ಕಣ್ಣಳತೆಯಲ್ಲಿ ಹೋಗುವ ಅಂದರೆ ಧೂಳು. ಎದುರಿನ ಬೈಕ್ ಎಬ್ಬಿಸಿದ ಧೂಳಿನಲ್ಲಿ ಹೊಂಡ ಕಾಣುವುದಿಲ್ಲ, ಎದುರಿನಿಂದ ಬರುವ ಜೀಪೂ ಕಾಣುವುದಿಲ್ಲ. ಪದವಿನ ಮೇಲೆ ಗಾಳಿ ಅಡ್ಡ ಬೀಸಿದರೆ ಧೂಳು ಬೇಗ ಹೋಗ್ತದೆ. ಎರಡೂ ಬದಿ ಬರೆ (ಎತ್ತರದ ಮಣ್ಣಿನ ಗೋಡೆ) ಇರುವ ಕಡೆ ಹೋಗುವುದೇ ಇಲ್ಲ, ಅಲ್ಲೇ ನಿಂತಿರ್ತದೆ. ಹಾಗಾಗಿ ಅಂತರ ಬಿಡಲೇಬೇಕು. ಅಂತರ ಬಿಟ್ಟರೆ ಕವಲಿನಲ್ಲಿ ತಪ್ಪುವುದು ಖಂಡಿತ, ನಮ್ಮ ಕಡೆ ಐನೂರು ಮೀಟರಿಗೊಂದು ಕವಲು, ಎಲ್ಲವೂ ಯಾರದ್ದೋ ಮನೆಯ ಅಂಗಳಕ್ಕೆ ಹೋಗುವವು.

ಇದಕ್ಕೆ ಹಳೆಯ ಒಂದು ಕ್ರಮ ಉಂಟು, ಯಾವ ಉಪಕರಣವೂ ಬೇಡ. ದಾರಿ ಗೊತ್ತಿರುವ ಒಬ್ಬ ಲೀಡ್, ಕೊನೆಯಲ್ಲಿ ಒಬ್ಬ ಸ್ವೀಪ್. ಇವರಿಬ್ಬರು ದಿನವಿಡೀ ಬದಲಾಗುವುದಿಲ್ಲ. ನಡುವಿನವರು ಬದಲಾಗುತ್ತಾ ಇರ್ತಾರೆ. ಕವಲು ಬಂತು ಅಂತಾದರೆ ಲೀಡ್ ಕೈ ತೋರಿಸಿ ಮುಂದೆ ಹೋಗ್ತಾನೆ, ಅವನ ಬೆನ್ನಿಗಿದ್ದ ಎರಡನೆಯವ ಆ ಕವಲಿನಲ್ಲೇ ಎಲ್ಲರಿಗೂ ಕಾಣುವ ಹಾಗೆ ನಿಲ್ಲುವುದು. ಹಿಂದಿನವರಿಗೆಲ್ಲ ದಾರಿ ತೋರಿಸುವುದು. ಸ್ವೀಪ್ ಬಂದ ಮೇಲೆಯೇ ಅವನು ಅಲ್ಲಿಂದ ಹೊರಟು ಸ್ವೀಪ್‌ನ ಎದುರು ಸೇರಿಕೊಳ್ಳುವುದು. ಆಗ ಮೂರನೆಯವನಾಗಿದ್ದವ ಎರಡನೆಯವನಾದ, ಮುಂದಿನ ಕವಲು ಅವನದ್ದು. ಹೀಗೆ ಮಾಡಿದರೆ ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ. ನಿಧಾನದವ ನಿಧಾನಕ್ಕೆ ಬರಲಿ, ಕವಲಿನಲ್ಲಿ ಅವನಿಗಾಗಿ ಒಬ್ಬ ನಿಂತೇ ಇರ್ತಾನೆ. ಧೂಳು ಕುಡಿಯುವ ಪಾಳಿಯೂ ಎಲ್ಲರಿಗೆ ಹಂಚಿಹೋಗ್ತದೆ. ನಿಯಮ ಒಂದೇ, ನಿಂತವ ಬಾಯಾರಿಕೆ ಆಯ್ತು, ಮೂತ್ರಕ್ಕೆ ಅವಸರ ಅಂತ ಹೇಳಿ ಜಾಗ ಬಿಡಬಾರದು. ಕವಲಿನಲ್ಲಿ ಜನ ಇಲ್ಲ ಅಂದರೆ ನೇರ ಹೋಗು ಅಂತ ಅರ್ಥ. ಅವನು ಪೊದೆಯ ಹಿಂದೆ ಹೋಗಿದ್ದರೆ ಹಿಂದಿನವರೆಲ್ಲ ನೇರ ಕರ್ನಾಟಕ. ಹನ್ನೊಂದು ಜನಕ್ಕೆ ಇದು ನಡೀತದೆ, ಆದರೂ ಎರಡು ತಂಡ ಮಾಡಿ ಅರ್ಧ ಗಂಟೆ ಅಂತರದಲ್ಲಿ ಬಿಟ್ಟರೆ ಊರವರಿಗೂ ಕಿರಿಕಿರಿ ಕಡಿಮೆ.

ಇನ್ನು ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳ್ತೇನೆ. ಪದವಿನ ಮೇಲೆ ಬಯಲು ಕಂಡ ಕೂಡಲೇ ದಾರಿ ಬಿಟ್ಟು ಹುಲ್ಲಿನಲ್ಲಿ ಬೈಕ್ ಓಡಿಸುವ ಆಸೆ ಎಲ್ಲರಿಗೂ ಬರ್ತದೆ. ಬೇಡ. ಬಾಯಾರಿನಿಂದ ಈಚೆ ಎಲ್ಲ ಪದವಿನಲ್ಲೂ ಮುರಕಲ್ಲು ಕಡಿದು ಬಿಟ್ಟುಹೋದ ಪಣೆಗಳು ಉಂಟು. ಬೇಲಿ ಇಲ್ಲ, ಬೋರ್ಡು ಇಲ್ಲ. ಪಣೆಯ ಅಂಚಿನವರೆಗೂ ಮುಳಿಹುಲ್ಲು ಎದೆಯೆತ್ತರ ಬೆಳೆದಿರ್ತದೆ, ಅದು ಮುಗಿದಲ್ಲಿಗೆ ನೆಲವೂ ಮುಗಿಯಿತು. ಬದಿ ಇಳಿಜಾರಲ್ಲ, ನೇರ ಕೆಳಗೆ, ಕೆಲವು ಎರಡಾಳು ಆಳ. ಇಳಿದು ಹತ್ತಿರ ಹೋಗಿ ನೋಡಿ, ಕಲ್ಲು ಕೊಯ್ಯುವ ಯಂತ್ರದ ಚಕ್ರ ಕೊರೆದ ಗೀಟುಗಳು ಸಾಲಿಗೆ ಸಾಲು ಹಾಗೆಯೇ ಉಂಟು, ಎಷ್ಟು ಕಲ್ಲು ಎಬ್ಬಿಸಿದ್ದಾರೆ ಅಂತ ಎಣಿಸಬಹುದು. ತಳದಲ್ಲಿ ಮಳೆಗಾಲದ ನೀರು, ಮೇಲೆ ಹಸಿರು ಪಾಚಿ. ಹೊತ್ತು ಕಂತುವಾಗ ಪಡುವಣಕ್ಕೆ ಮುಖ ಮಾಡಿ ಬಂದರೆ ಅದೂ ನೆಲದ ಹಾಗೆಯೇ ಕಾಣ್ತದೆ. ದನ ಬಿದ್ದದ್ದನ್ನು ಹಗ್ಗ ಹಾಕಿ ಎತ್ತಿದ್ದೇವೆ. ಗಾಲಿಯ ಗೀಟು ಇಲ್ಲದ ಕಡೆ ಬೈಕ್ ಇಳಿಸಬೇಡಿ, ಇಷ್ಟೇ.

ಅದೇ ಒಣಗಿದ ಮುಳಿಹುಲ್ಲಿನ ಮೇಲೆ, ಗೇರು ತೋಟದ ತರಗೆಲೆಯ ಮೇಲೆ ಬಿಸಿ ಸೈಲೆನ್ಸರಿನ ಬೈಕ್ ನಿಲ್ಲಿಸಿ ಬೊಂಡ (ಎಳನೀರು) ಕುಡಿಯಲು ಹೋಗಬೇಡಿ. ಜನವರಿಯಿಂದ ಮುಂದಕ್ಕೆ ಗುಡ್ಡಕ್ಕೆ ಬೆಂಕಿ ಬೀಳಲು ಅಷ್ಟು ಸಾಕು.

ಸ್ಪ್ಲೆಂಡರಿನ ತಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ನಮ್ಮ ಗುಡ್ಡದ ಮೇಲಿನ ರಬ್ಬರು ಟ್ಯಾಪಿಂಗಿನವರು ದಿನಾ ನಸುಕಿಗೆ ಹತ್ತುವುದು ಅದರಲ್ಲೇ, ಇಳಿಯುವಾಗ ಹಿಂದೆ ಶೀಟಿನ ಕಟ್ಟು ಬೇರೆ. ಬೈಕಿನ ತೂಕ 112 ಕಿಲೋ. ನಿಮ್ಮ ಹಿಮಾಲಯನ್ 196. ಬಿದ್ದಾಗ ಯಾರದ್ದು ಬೇಗ ಏಳ್ತದೆ ನೋಡಿ. ನನಗೆ ಚಿಂತೆ ಕ್ಲಾಸಿಕ್‌ನವರದ್ದೇ, ಅಡಿಭಾಗ ತಗ್ಗು, ಸೈಲೆನ್ಸರು ಕಲ್ಲಿಗೆ ಬಡೀತದೆ.

ಕುಂಬಳೆ ಟೀಚರ್

ಮುಳಿಹುಲ್ಲು ಅವರು ಹೇಳಿದ ಕವಲಿನ ಕ್ರಮದಲ್ಲೇ ನಾವೂ ಹೋಗುವುದು, ನಮ್ಮ ತಂಡದಲ್ಲಿ ಹೆಂಗಸರೇ ಹೆಚ್ಚು. ಒಂದು ತಿದ್ದುಪಡಿ ಇದೆ. ಎಲ್ಲರೂ ಚೆನ್ನಾಗಿ ಬಿಡುವವನನ್ನು ಲೀಡ್ ಮಾಡಿ, ಸ್ವೀಪ್‌ಗೆ ಯಾರನ್ನಾದರೂ ಹಾಕುತ್ತಾರೆ. ತಿರುಗಿಸಿ ಹಾಕಬೇಕು. ಲೀಡ್‌ಗೆ ದಾರಿ ಗೊತ್ತಿದ್ದರೆ ಸಾಕು. ಬಿದ್ದ ಬೈಕು, ಮುರಿದ ಲಿವರ್, ಅಳುಮುಖ, ಎಲ್ಲ ಸಿಗುವುದು ಸ್ವೀಪ್‌ಗೆ. ನಿಮ್ಮ ಮೂವರಲ್ಲಿ ಸ್ಪ್ಯಾನರ್ ಹಿಡಿಯಲು ಬರುವವರು, ಕೋಪ ಬೇಗ ಬಾರದವರು ಯಾರೋ ಅವರೇ ಕೊನೆಯಲ್ಲಿರಲಿ. ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಅವರ ಬಳಿಯೇ.

ಹೊಸಬರಿಗೆ ಏರಿನಲ್ಲಿ ಎಂಜಿನ್ ಆಫ್ ಆದಾಗ ಏನು ಮಾಡಬೇಕೆಂದು ಹಿಂದಿನ ದಿನವೇ ಎಲ್ಲಾದರೂ ಸಣ್ಣ ಏರಿನಲ್ಲಿ ಹೇಳಿಕೊಡಿ. ಗಾಬರಿಯಲ್ಲಿ ಕ್ಲಚ್ ಹಿಡಿದ ಕೂಡಲೇ ಬೈಕು ಹಿಂದಕ್ಕೆ ಉರುಳುತ್ತದೆ, ಆ ಉರುಟಿನಲ್ಲಿ ಮುಂದಿನ ಬ್ರೇಕ್ ಹಿಡಿದರೂ ಚಕ್ರ ಕಟ್ಟಿಕೊಂಡೇ ಹಿಂದಕ್ಕೆ ಜಾರುತ್ತದೆ. ಕ್ಲಚ್ ಬಿಟ್ಟುಬಿಡಿ. ಗೇರಿನಲ್ಲಿರುವ ಸತ್ತ ಎಂಜಿನ್ನೇ ಹಿಂದಿನ ಬ್ರೇಕು. ಉಸಿರು ತೆಗೆದುಕೊಂಡು, ಎಂಜಿನ್ ಆಫ್ ಇರುವಾಗಲೇ ಕ್ಲಚ್ಚನ್ನು ಚೂರು ಚೂರೇ ಒತ್ತಿ ಬಿಟ್ಟು ಹಿಂದಕ್ಕೆ ಇಳಿಸಿಕೊಂಡು, ಬೈಕನ್ನು ಅಡ್ಡ ತಿರುಗಿಸಿ ಕೆಳಮುಖ ಮಾಡಿ. ಕಾಲು ಊರುವುದು ಯಾವಾಗಲೂ ಏರಿನ ಬದಿಗೆ. ನನ್ನ ಎಕ್ಸ್‌ಪಲ್ಸ್‌ನ ಸೀಟು 825 ಮಿಲಿಮೀಟರು ಎತ್ತರ, ನನ್ನ ಎತ್ತರಕ್ಕೆ ತಗ್ಗಿನ ಬದಿಯಲ್ಲಿ ಕಾಲು ಸಿಗುವ ಮಾತೇ ಇಲ್ಲ.

ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಎಕ್ಸ್‌ಪಲ್ಸ್ 200ರಲ್ಲಿ ಹಿಂದಿನ ಚಕ್ರಕ್ಕೆ ಎಬಿಎಸ್ ಇಲ್ಲ, ಅದರ ಚಿಂತೆ ಬಿಡಿ. ಹಿಮಾಲಯನ್ 450ರಲ್ಲಿ ಹಿಂದಿನದ್ದನ್ನು ಆಫ್ ಮಾಡಬಹುದು, ಮಾಡಿಕೊಳ್ಳಿ. ಎಬಿಎಸ್ ಆನ್ ಇದ್ದರೆ ಚರಲಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಷ್ಟೂ ಬಿಡುತ್ತಾ ಬಿಡುತ್ತಾ ಹೋಗಿ ಬೈಕು ನಿಲ್ಲುವುದೇ ಇಲ್ಲ ಅನ್ನಿಸುತ್ತದೆ. ಚಾಗೆ ನಿಂತು ಮತ್ತೆ ಸ್ಟಾರ್ಟ್ ಮಾಡಿದಾಗಲೆಲ್ಲ ಒಮ್ಮೆ ಮೀಟರ್ ನೋಡಿ, ಅದು ಮತ್ತೆ ಆನ್ ಆಗಿರಬಹುದು. ಕ್ಲಾಸಿಕ್‌ನಲ್ಲಿ ಆಫ್ ಮಾಡುವ ಸೌಕರ್ಯ ಇಲ್ಲ, ಅವರು ಇಳಿಜಾರಿಗೆ ಮೊದಲೇ ವೇಗ ಕಳೆದುಕೊಂಡಿರಬೇಕು.

ತಂಡದಲ್ಲಿ ಹೆಂಗಸರು ಇದ್ದಾರೆಯೇ? ಇದ್ದರೆ ಪೆರ್ಲ ಪೇಟೆಯಲ್ಲಿ ಒಂದು ನಿಲುಗಡೆ ಸೇರಿಸಿ, ಗುಡ್ಡದ ಮೇಲೆ ನೋಡೋಣ ಅನ್ನುವುದು ಗಂಡಸರ ಲೆಕ್ಕ. ನೀರು ಒಬ್ಬರಿಗೆ ಎರಡು ಲೀಟರು.

ಗಡಿಯಲ್ಲಿ 108ಕ್ಕೆ ಕರೆ ಮಾಡುವಾಗ ಒಂದು ಎಚ್ಚರ. ಎರಡೂ ರಾಜ್ಯಕ್ಕೆ ನಂಬರು ಅದೇ, ನಿಮ್ಮ ಫೋನಿಗೆ ಸಿಕ್ಕಿದ ಟವರು ಕರ್ನಾಟಕದ್ದಾದರೆ ಕರೆ ಆ ಕಡೆಗೆ ಹೋಗಬಹುದು. ಊರು, ಪಂಚಾಯತು, ಜಿಲ್ಲೆ ಮೂರನ್ನೂ ಮೊದಲೇ ಹೇಳಿ. ಎಣ್ಮಕಜೆ (ಪೆರ್ಲದ ಪಂಚಾಯತು) ಅಂದರೆ ಸಾಲದು, ಕಾಸರಗೋಡು ಜಿಲ್ಲೆ ಎಣ್ಮಕಜೆ ಅನ್ನಿ.

ಅಂಗಳ

ನಾನು ಬೈಕಿನವನಲ್ಲ, ಕೃಷಿಕ. ಮನೆ ಪಡ್ರೆಯ ಹತ್ತಿರ, ರಸ್ತೆ ಬದಿ. ಮಗಳು ಇದನ್ನು ತೋರಿಸಿದಳು, ಹಾಗಾಗಿ ಬರೆಯುತ್ತಿದ್ದೇನೆ.

ರಜೆ ದಿನ ನಿಮ್ಮಂಥ ತಂಡಗಳು ಬರ್ತವೆ. ಬರಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ, ಪಂಚಾಯತು ರಸ್ತೆ. ಆದರೆ ನಮ್ಮ ಅಂಗಳ ರಸ್ತೆಗಿಂತ ಮೂರಡಿ ಕೆಳಗೆ ಉಂಟು. ಜನವರಿಯಲ್ಲಿ ಅಲ್ಲಿ ಒಂದು ಕಡೆ ಅಡಿಕೆ, ಇನ್ನೊಂದು ಕಡೆ ಒಳ್ಳೆಮೆಣಸು. ಅಡಿಕೆಗೆ ಸಿಪ್ಪೆ ಉಂಟು, ಧೂಳು ಕೂತರೂ ಸುಲಿಯುವಾಗ ಹೋಗ್ತದೆ. ಒಳ್ಳೆಮೆಣಸಿಗೆ ಎಲ್ಲಿಯ ಸಿಪ್ಪೆ? ರಾತ್ರಿಯ ಮಂಜಿಗೆ ಹಸಿಯಾದ ಕಾಳಿನ ಮೇಲೆ ಬೆಳಿಗ್ಗೆ ಎಂಟು ಗಂಟೆಗೆ ಸಾಲಾಗಿ ಹತ್ತು ಬೈಕು ಹೋದರೆ ಕೆಂಪು ಹುಡಿ ಅಂಟಿ ಕೂರ್ತದೆ. ಅಂಗಡಿಯವ ಮುಷ್ಟಿಯಲ್ಲಿ ಹಿಡಿದು ಉಜ್ಜಿ ನೋಡಿ, ಬೆರಳು ಕೆಂಪಾದರೆ ಕಿಲೋಗೆ ಇಷ್ಟು ಅಂತ ಕಡಿಮೆ ಮಾಡ್ತಾನೆ. ಮನೆ ಕಂಡಲ್ಲಿ ನಡಿಗೆಯ ವೇಗಕ್ಕೆ ಇಳಿಸಿ. ಒಂದು ನಿಮಿಷದ ವಿಷಯ.

ಎರಡನೆಯದು ಕಟ್ಟ. ಡಿಸೆಂಬರಿನಿಂದ ಊರವರು ಸೇರಿ ತೋಡಿಗೆ ಅಡ್ಡ ಕಟ್ಟ ಹಾಕ್ತೇವೆ. ಕಲ್ಲು, ಮಣ್ಣು, ನಡುವೆ ಪ್ಲಾಸ್ಟಿಕ್ ಶೀಟು. ನೀರು ಹಿಂದಕ್ಕೆ ನಿಂತು ಇಂಗಿದರೆ ಬಾವಿಗೂ ಬಂತು, ಸುರಂಗಕ್ಕೂ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ಬಂತು, ತೋಟಕ್ಕೂ ಆಯ್ತು. ವೀಡಿಯೋ ಮಾಡುವವರಿಗೆ ಆ ಕಟ್ಟದ ಮೇಲೆ ಬೈಕ್ ದಾಟಿಸಬೇಕು. ಮುಳ್ಳಿನ ಹಾಗಿರುವ ನಿಮ್ಮ ಟಯರು ಶೀಟನ್ನು ಒಮ್ಮೆ ಸೀಳಿದರೆ ಬೆಳಿಗ್ಗೆಯೊಳಗೆ ನೀರು ಖಾಲಿ. ತೋಡು ದಾಟಬೇಕಾದರೆ ಸೇತುವೆ ಇರುವಲ್ಲಿಗೆ ಹೋಗಿ.

ಮೂರನೆಯದು ಹೇಳಲೋ ಬೇಡವೋ ಅಂತಿದ್ದೆ. ನಮ್ಮ ಈ ಗುಡ್ಡಗಳ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದ ಹೊತ್ತಿಗೆ. ಅದನ್ನು ಅನುಭವಿಸುವವರು ಈಗಲೂ ಮನೆಗಳಲ್ಲಿ ಇದ್ದಾರೆ. ಮಲಗಿದಲ್ಲೇ ಇರುವವರು, ದೊಡ್ಡ ಶಬ್ದ ಆದರೆ ಬೆಚ್ಚಿಬಿದ್ದು ಸಮಾಧಾನ ಆಗಲು ಗಂಟೆಗಟ್ಟಲೆ ಬೇಕಾದವರು. ಸೈಲೆನ್ಸರು ಬದಲಾಯಿಸಿದ ಬೈಕುಗಳನ್ನು ಸ್ವರ್ಗ, ವಾಣೀನಗರದ ಕಡೆ ತರಬೇಡಿ. ಉಳಿದವರು ಬನ್ನಿ. ನಿಂತು ನೀರು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಮನೆಯ ಸುರಂಗದ ನೀರು ಏಪ್ರಿಲಿನಲ್ಲೂ ತಣ್ಣಗಿರ್ತದೆ.

ಉಪ್ಪಳದ ಪಲ್ಸ್

ಎಲ್ಲರಿಗೂ ತುಂಬಾ ಉಪಕಾರ. ಅಂಗಳದ ಅಣ್ಣ, ಒಳ್ಳೆಮೆಣಸಿನ ವಿಷಯ ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ನಮ್ಮಲ್ಲಿ ಇಬ್ಬರ ಬೈಕಿನಲ್ಲಿ ಬೇರೆ ಸೈಲೆನ್ಸರು ಉಂಟು. ಒಬ್ಬ ಹಳೆಯದ್ದನ್ನೇ ಹಾಕಿಸಿಕೊಂಡು ಬರ್ತೇನೆ ಅಂದ. ಇನ್ನೊಬ್ಬ ವಾದ ಮಾಡಿದ, ಅವನು ಬರುವುದಿಲ್ಲ. ಸೈ.

ಹೊಸ ಪ್ಲಾನು ಹೀಗೆ. ಹತ್ತು ಜನ, ಐದು ಐದರ ಎರಡು ತಂಡ. ಉಪ್ಪಳದಿಂದ ಬಾಯಾರು, ಅಲ್ಲಿಂದ ಒಳದಾರಿಗಳಲ್ಲಿ ಗುಂಪೆಯ ಬುಡ. ಬೈಕ್ ಕೆಳಗೆ ಬಿಟ್ಟು ನಡೆದು ಹತ್ತಿ ಸಮುದ್ರ ನೋಡಿ ಇಳಿಯುವುದು. ಮಧ್ಯಾಹ್ನ ಪೆರ್ಲದಲ್ಲಿ ಊಟ. ಆಮೇಲೆ ಪದವಿನ ದಾರಿಯಲ್ಲಿ ಬದಿಯಡ್ಕ, ಅಲ್ಲಿಂದ ಡಾಮರಿನಲ್ಲಿ ಸೀತಾಂಗೋಳಿ, ಕುಂಬಳೆ, ಮನೆ. ನಾಲ್ಕೂವರೆಗೆ ಚರಲು ಮುಗಿಸುವುದು. ಪಡ್ರೆ ಕಡೆ ಈ ಸಲ ಇಲ್ಲ. ಸ್ವೀಪ್‌ಗೆ ಟೀಚರ್ ಹೇಳಿದ ಹಾಗೆ ಕೋಪ ಬಾರದವನನ್ನೇ ಹಾಕಿದ್ದೇವೆ. ಎರಡನೇ ತಂಡದ ಸ್ವೀಪ್ ನನ್ನ ತಮ್ಮ, ಸ್ಪ್ಲೆಂಡರಿನಲ್ಲಿ. ಅವನು ಊರಿನ ಗ್ಯಾರೇಜಿನಲ್ಲಿ ಕೆಲಸ ಮಾಡುವವ ಅಂತ ನಾನು ಮೊದಲು ಬರೆಯಲೇ ಇಲ್ಲ ನೋಡಿ.

ಮುಳಿಹುಲ್ಲು ಅಣ್ಣ, ಟಯರಿನ ಗಾಳಿ ಎಷ್ಟು ಇಳಿಸಬೇಕು? ಒಬ್ಬ ಹದಿನೈದು ಪಿಎಸ್‌ಐ ಅಂತಾನೆ. ಮತ್ತೆ ಟೂಲ್ಸ್ ಎಂತೆಲ್ಲ ಬೇಕು?

ಮುಳಿಹುಲ್ಲು

ಗ್ಯಾರೇಜಿನವ ತಂಡದಲ್ಲೇ ಇಟ್ಟುಕೊಂಡು ನೀವು ಅವನನ್ನು ಬಿಟ್ಟು ಹೋಗುವ ಯೋಚನೆಯಲ್ಲಿದ್ದಿರಿ!

ಹದಿನೈದು ಮರಳಿಗೆ, ನಮ್ಮ ಮುರಕಲ್ಲಿಗಲ್ಲ. ಟ್ಯೂಬ್ ಟಯರಿನಲ್ಲಿ ಅಷ್ಟು ಇಳಿಸಿ ಒಂದು ಮೂಲೆಗಲ್ಲಿಗೆ ಹೊಡೆದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು. ಎಕ್ಸ್‌ಪಲ್ಸ್‌ಗೆ ಮುಂದೆ ಇಪ್ಪತ್ತೆರಡು, ಹಿಂದೆ ಇಪ್ಪತ್ತನಾಲ್ಕರ ಹತ್ತಿರ ಇರಲಿ. ಹಿಮಾಲಯನ್ ಭಾರ ಜಾಸ್ತಿ, ಅದಕ್ಕೆ ಒಂದೆರಡು ಹೆಚ್ಚು. ಕ್ಲಾಸಿಕ್‌ನವರು ಜಾಸ್ತಿ ಇಳಿಸುವುದೇ ಬೇಡ. ಡಾಮರು ಸಿಕ್ಕಿದ ಕೂಡಲೇ ಮತ್ತೆ ತುಂಬಿಸಲು ಕಾಲಿನ ಪಂಪೋ ಬ್ಯಾಟರಿ ಪಂಪೋ ತಂಡಕ್ಕೊಂದು ಬೇಕೇ ಬೇಕು, ಗಾಳಿ ಕಡಿಮೆ ಇಟ್ಟು ಬದಿಯಡ್ಕದಿಂದ ಕುಂಬಳೆಗೆ ಓಡಿಸಬೇಡಿ.

ಟೂಲ್ಸ್ ಎಂದರೆ ಟಯರು ಬಿಚ್ಚುವ ಲಿವರ್ ಮೂರು, ನಿಮ್ಮ ನಿಮ್ಮ ಬೈಕಿನ ಆಕ್ಸೆಲ್ ಸ್ಪ್ಯಾನರ್, ಚೈನ್ ಲಿಂಕ್, ಕ್ಲಚ್ ಲಿವರ್ ಒಂದು, ಬ್ರೇಕ್ ಲಿವರ್ ಒಂದು, ಇನ್ಸುಲೇಶನ್ ಟೇಪು, ಜಿಪ್ ಟೈ, ಕೇಬಲ್ ತಂತಿ. ಚೈನ್ ಲಿಂಕ್ ಬೈಕಿನಿಂದ ಬೈಕಿಗೆ ಬೇರೆ, ಹಿಮಾಲಯನ್‌ದು ಎಕ್ಸ್‌ಪಲ್ಸ್‌ಗೆ ಬರುವುದಿಲ್ಲ. ಕೈ ಗಾರ್ಡು ಇಲ್ಲದವರ ಲಿವರ್ ಮೊದಲು ಹೋಗುವುದು. ಲಿವರಿನ ಬೋಲ್ಟನ್ನು ಸ್ವಲ್ಪ ಸಡಿಲ ಬಿಟ್ಟರೆ ಬಿದ್ದಾಗ ತಿರುಗಿಕೊಳ್ತದೆ, ಮುರಿಯುವುದಿಲ್ಲ. ತಮ್ಮನಿಗೆ ಹೇಳಿದರೆ ಐದು ನಿಮಿಷದಲ್ಲಿ ಎಲ್ಲ ಬೈಕಿಗೂ ಮಾಡಿಕೊಡ್ತಾನೆ.

ಪೆಟ್ರೋಲು ಮಂಗಳೂರಿನವರು ತಲಪಾಡಿ ಗಡಿ ದಾಟುವ ಮೊದಲೇ ತುಂಬಿಸಿಕೊಂಡು ಬನ್ನಿ, ನಾಲ್ಕು ಕಾಸು ಉಳೀತದೆ. ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಪೇಟೆಯೊಳಗೆ ಬರಬೇಡಿ, ಕೇರಳದಲ್ಲಿ 2023ರ ಜೂನಿನಿಂದ ಕ್ಯಾಮೆರಾ ನೋಡಿಯೇ ದಂಡದ ಚೀಟಿ ಬರುವುದು.

ಟ್ಯೂಬಿನ ವಿಷಯ ಮರೆಯಬೇಡಿ. ಸ್ಪ್ಲೆಂಡರಿನ ಹದಿನೆಂಟು ಇಂಚಿನದ್ದು ನಮ್ಮ ಪೆರ್ಲದಲ್ಲಿ ಯಾವ ಅಂಗಡಿಯಲ್ಲೂ ಸಿಕ್ಕೀತು. ಎಕ್ಸ್‌ಪಲ್ಸ್, ಹಿಮಾಲಯನ್‌ಗಳ ಮುಂದಿನ ಇಪ್ಪತ್ತೊಂದು ಇಂಚಿನದ್ದು ಈ ಕಡೆ ಕೇಳಿದರೆ ಅಂಗಡಿಯವ ನಿಮ್ಮ ಮುಖ ನೋಡ್ತಾನೆ. ಅದನ್ನು ಮಂಗಳೂರಿನಿಂದಲೇ ತನ್ನಿ, ತಂಡಕ್ಕೆ ಎರಡು. ತುರ್ತಿಗೆ ಅದನ್ನೇ ಮಡಚಿ ಎಕ್ಸ್‌ಪಲ್ಸ್‌ನ ಹಿಂದಿನ ಹದಿನೆಂಟರೊಳಗೂ ತುರುಕಬಹುದು, ಮನೆ ಮುಟ್ಟುವಷ್ಟಕ್ಕೆ ಸಾಕು.